ನಾಲೆ ಏರಿ ಮೇಲೆ ಒಂದು ದಿನ: ಊರಿಂದ ಅಪ್ಪ ಅಮ್ಮನ್ನ ಕರೆಸಿಕೊಂಡವರಿಗೆ ಒಂದು ಬಹಿರಂಗ ಪತ್ರ

ಆಶ್‌ಬರ್ನ್, ಹರ್ನ್‌ಡನ್, ಜರ್ಮನ್‌ಟೌನ್, ಫ್ರೆಡರಿಕ್, ಒಟ್ಟಿನಲ್ಲಿ ವಾಷಿಂಗ್ಟನ್ ಸುತ್ತಮುತ್ತ ಮನೆ ಮಾಡಿಕೊಂಡಿರುವ ಕನ್ನಡದವರಿಗೆಲ್ಲ ನಮಸ್ಕಾರ.

ಈ ವರ್ಷ ನಿಮ್ಮ ಮನೆಗೆ ಅಪ್ಪ, ಅಮ್ಮ, ಅತ್ತೆ, ಮಾವ ಯಾರಾದರೂ ಆರು ತಿಂಗಳಿಗೆ ಅಂತ ಬಂದಿದ್ದರೆ ಈ ಪತ್ರ ನಿಮಗೆ. ಬಂದಿಲ್ಲದಿದ್ದರೂ ಓದಿ, ಮುಂದಿನ ವರ್ಷ ಬರುತ್ತಾರೆ.

ನಾವೆಲ್ಲ ಏನು ಮಾಡುತ್ತೇವೆ ಅಂತ ನನಗೂ ಗೊತ್ತು, ಯಾಕಂದರೆ ನಾನೂ ಅದನ್ನೇ ಮಾಡಿದವನು. ಬಂದ ಮೊದಲ ತಿಂಗಳು ವೈಟ್ ಹೌಸ್ ಮುಂದೆ ಫೋಟೊ. ಒಂದು ಲಾಂಗ್ ವೀಕೆಂಡ್‌ಗೆ ನಯಾಗರಾ. ಒಂದು ಭಾನುವಾರ ದೇವಸ್ಥಾನ. ಆಮೇಲೆ ಸೋಮವಾರದಿಂದ ಶುಕ್ರವಾರದವರೆಗೆ ಅವರನ್ನ ಒಂದು ಟಿವಿ, ಒಂದು ಮಗು, ಒಂದು ಕುಕ್ಕರ್ ಜೊತೆ ಮನೆಯೊಳಗೆ ಬಿಟ್ಟು ಮೀಟಿಂಗ್‌ಗೆ ಕೂರುತ್ತೇವೆ. ಯಾರಾದರೂ ಕೇಳಿದರೆ, ಎಲ್ಲ ತೋರಿಸಿದ್ದೀವಪ್ಪ ಅನ್ನುತ್ತೇವೆ.

ನಮ್ಮಪ್ಪ ಮಂಡ್ಯ ಕಡೆಯವರು. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರುಗಂಟಿಯಾಗಿ ಕೆಲಸ ಮಾಡಿದವರು. ಯಾವ ತೂಬು ಎಷ್ಟು ಎತ್ತಬೇಕು, ರಾತ್ರಿ ಯಾರು ಕದ್ದು ಎತ್ತುತ್ತಾರೆ, ಎಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಏರಿ ಮೇಲೆ ನಡೆದ ಕಾಲು. ಇಲ್ಲಿಗೆ ಬಂದು ಮೂರನೇ ವಾರ ನಮ್ಮ ಬಡಾವಣೆಯಲ್ಲಿ ವಾಕಿಂಗ್ ಹೋದವರು ಅರ್ಧ ಗಂಟೆಗೇ ವಾಪಸ್ ಬಂದು ಸೋಫಾ ಮೇಲೆ ಕೂತರು. ಯಾಕಪ್ಪ ಅಂದೆ. "ಎಲ್ಲಾ ದಾರೀನೂ ಸುತ್ತಾಕ್ಕೊಂಡು ನಮ್ಮನೆ ತಾವ್ಕೇ ಬತ್ತದೆ ಕಣ್ಲಾ, ಎಲ್ಲಿಗೂ ಹೋಗಾಕಿಲ್ಲ" ಅಂದರು. ಆರು ವರ್ಷದಿಂದ ಅದೇ ಬಡಾವಣೆಯಲ್ಲಿ ಇದ್ದೇನೆ, ನನಗೆ ಅದು ಹೊಳೆದೇ ಇರಲಿಲ್ಲ.

ಆಗ ನೆನಪಾಗಿದ್ದು ಸಿ ಅಂಡ್ ಓ ಕೆನಾಲ್. ಚೆಸಾಪೀಕ್ ಅಂಡ್ ಓಹಾಯೊ ನಾಲೆ. ನಿಮ್ಮಲ್ಲಿ ಸೈಕಲ್ ಹೊಡೆಯುವವರಿಗೆ ಗೊತ್ತಿರುತ್ತದೆ. ಜಾರ್ಜ್‌ಟೌನ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ ಪೊಟೊಮ್ಯಾಕ್ ನದಿ ಪಕ್ಕದಲ್ಲೇ 184.5 ಮೈಲಿ, ನಮ್ಮ ಲೆಕ್ಕದಲ್ಲಿ 297 ಕಿಲೋಮೀಟರ್. ಇದರ ಪಕ್ಕದ ಮಣ್ಣು ದಾರಿಗೆ ಇಲ್ಲಿ ಟೋಪಾತ್ ಅಂತಾರೆ. ಹೇಸರಗತ್ತೆಗಳು ಹಗ್ಗ ಕಟ್ಟಿಕೊಂಡು ನಾಲೆಯಲ್ಲಿದ್ದ ಕಲ್ಲಿದ್ದಲು ದೋಣಿಯನ್ನ ಎಳೆದುಕೊಂಡು ಹೋಗುತ್ತಿದ್ದ ದಾರಿ ಅದು. ನಾನು ಅಪ್ಪನಿಗೆ ಟೋಪಾತ್ ಅನ್ನಲಿಲ್ಲ. ನಾಲೆ ಏರಿಗೆ ಹೋಗೋಣ ಬಾ ಅಂದೆ, ಅಷ್ಟೇ. ಮಾರನೇ ದಿನ ಬೆಳಿಗ್ಗೆ ಐದೂವರೆಗೇ ಸ್ನಾನ ಮಾಡಿ, ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ನಾವು ಹೋಗಿದ್ದು ಕಳೆದ ಅಕ್ಟೋಬರ್‌ನಲ್ಲಿ. ಹೆಂಡತಿ ನಮ್ಮಿಬ್ಬರನ್ನ ಮೇರಿಲ್ಯಾಂಡ್‌ನ ಬ್ರನ್ಸ್‌ವಿಕ್‌ನಲ್ಲಿ ಇಳಿಸಿ, ಅಮ್ಮನನ್ನ ಕರೆದುಕೊಂಡು ಹಾರ್ಪರ್ಸ್ ಫೆರಿ ಊರಿಗೆ ಹೋದಳು. ಅಮ್ಮನಿಗೆ ಮಂಡಿ ನೋವು. ನಮ್ಮ ಲೆಕ್ಕ ಹೀಗಿತ್ತು: ಬ್ರನ್ಸ್‌ವಿಕ್‌ನಿಂದ ಏರಿ ಮೇಲೆ 9 ಕಿಲೋಮೀಟರ್, ಆಮೇಲೆ ಮೇರಿಲ್ಯಾಂಡ್ ಹೈಟ್ಸ್ ಅನ್ನುವ ಬೆಟ್ಟ ಹತ್ತಿ ಬಂಡೆ ತುದಿಯಿಂದ ನೋಡುವುದು, ಇಳಿದು ಸೇತುವೆ ದಾಟಿ ಊರು ಸೇರುವುದು. ಒಟ್ಟು ಸುಮಾರು 16 ಕಿಲೋಮೀಟರ್. ಚೀಲದಲ್ಲಿ ಚಿತ್ರಾನ್ನ, ಮೊಸರನ್ನ, ಕೋಡುಬಳೆ. ಶೂ ಹಾಕಿಕೊಳ್ಳುವ ವಿಷಯಕ್ಕೆ ಕಾರಿನಲ್ಲೇ ಒಂದು ಜಗಳ ಆಯಿತು. ಏರಿ ಮೇಲೆ ಚಪ್ಪಲಿ, ಬೆಟ್ಟಕ್ಕೆ ಶೂ ಅಂತ ರಾಜಿ.

ನಡೆಯಲು ಶುರು ಮಾಡಿ ಹತ್ತು ನಿಮಿಷ ಆಗಿರಲಿಲ್ಲ, ಅಪ್ಪ ನಿಂತೇಬಿಟ್ಟರು. ಎಡಗಡೆ ನದಿ ತುಂಬಿ ಹರಿಯುತ್ತಿದೆ. ಬಲಗಡೆ ನಾಲೆ ಒಣಗಿ, ಅದರೊಳಗೆ ತೊಡೆ ದಪ್ಪದ ಮರಗಳು ಬೆಳೆದು ನಿಂತಿವೆ.

"ನೀರು ಯಾವಾಗ ಬುಡ್ತಾರೆ?"

"ಇನ್ನು ಬಿಡಲ್ಲ ಕಣಪ್ಪ. 1924ರಲ್ಲಿ ಪ್ರವಾಹ ಬಂದು ಹಾಳಾಯ್ತು. ಅವತ್ತೇ ನಿಲ್ಲಿಸಿದ್ದು."

"ಇಪ್ಪತ್ನಾಕಾ? ಅಗ್ರಿಮೆಂಟ್ ಆದ ವರ್ಸ."

ಮಂಡ್ಯದವರಿಗೆ 1924 ಅಂದರೆ ಮೈಸೂರು, ಮದ್ರಾಸು, ಕಾವೇರಿ ಒಪ್ಪಂದ. ಅಪ್ಪನ ಬಾಯಲ್ಲಿ ಆ ಇಸವಿ ಮನೆಯವರ ಹುಟ್ಟಿದ ದಿನಕ್ಕಿಂತ ಜಾಸ್ತಿ ಸಲ ಬಂದಿದೆ. ಅಷ್ಟು ದೂರ ಬಂದು, ಗುರುತಿಲ್ಲದ ನಾಲೆ ಪಕ್ಕದಲ್ಲಿ, ಅದೇ ಇಸವಿ ಸಿಕ್ಕಿದ್ದು ಅವರಿಗೆ ಯಾರೋ ನೆಂಟರು ಸಿಕ್ಕ ಹಾಗೆ ಆಯಿತು. ಆಮೇಲೆ ಬಾಯಿ ನಿಲ್ಲಲಿಲ್ಲ. ಮನೆಯಲ್ಲಿ ಮೂರು ವಾರ ಆಡದ ಮಾತು ಮೂರು ಕಿಲೋಮೀಟರ್‌ನಲ್ಲಿ ಆಡಿದರು.

ನಾಲೆ ಪಕ್ಕಕ್ಕೇ ರೈಲು ಹಳಿ. ಅದರ ಕತೆ ಮಜವಾಗಿದೆ. ಈ ನಾಲೆಗೆ ಗುದ್ದಲಿ ಪೂಜೆ ಆಗಿದ್ದು 1828ರ ಜುಲೈ 4ರಂದು. ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಬಂದು ಗುದ್ದಲಿ ಹಿಡಿದಿದ್ದರು. ಅದೇ ದಿನ ಬಾಲ್ಟಿಮೋರ್‌ನಲ್ಲಿ ಬಾಲ್ಟಿಮೋರ್ ಅಂಡ್ ಓಹಾಯೊ ರೈಲಿಗೂ ಮೊದಲ ಕಲ್ಲು ಇಟ್ಟರು. ನದಿ ಮತ್ತು ಬೆಟ್ಟದ ನಡುವೆ ಇರುವುದೇ ಒಂದು ಕಿಷ್ಕಿಂಧೆ ಜಾಗ, ಅದಕ್ಕೆ ಇಬ್ಬರೂ ಕೋರ್ಟಿಗೆ ಹೋದರು. ಕೋರ್ಟಿನಲ್ಲಿ ಗೆದ್ದಿದ್ದು ನಾಲೆ. ಆದರೆ ಕಂಬರ್‌ಲ್ಯಾಂಡ್‌ಗೆ ರೈಲು 1842ರಲ್ಲೇ ಮುಟ್ಟಿತು, ನಾಲೆ ಮುಟ್ಟುವಾಗ 1850. ಅಪ್ಪನಿಗೆ ಇದನ್ನ ಹೇಳುತ್ತಿದ್ದ ಹಾಗೇ ಒಂದು ಗೂಡ್ಸ್ ಬಂತು. ನೂರು ದಾಟುವವರೆಗೆ ಡಬ್ಬಿ ಎಣಿಸಿ ಬಿಟ್ಟರು. "ಕೇಸು ಗೆದ್ದೋನು ಒಣಗವನೆ, ಸೋತೋನು ಓಡ್ತಾವನೆ" ಅಂದರು.

ಇನ್ನು ಲಾಕ್‌ಗಳು. ಬೀಗ ಅಲ್ಲ, ನೀರಿಗೆ ಮಾಡಿದ ಮೆಟ್ಟಿಲು. ಇಡೀ ನಾಲೆಗೆ 74 ಲಾಕ್ ಇವೆ, ಒಟ್ಟು 605 ಅಡಿ ಏರಿಕೆ. ಕಲ್ಲಿನ ಉದ್ದನೆಯ ತೊಟ್ಟಿ, ಎರಡು ತುದಿಗೂ ಮರದ ಬಾಗಿಲು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರು ತುಂಬಿಸಿದರೆ ದೋಣಿ ಎಂಟಡಿ ಮೇಲೆ ಬರುತ್ತದೆ, ಮುಂದಿನ ಬಾಗಿಲು ತೆಗೆದರೆ ಮುಂದೆ ಹೋಗುತ್ತದೆ. ನಾನು ಇದನ್ನ ಮೊಬೈಲ್‌ನಲ್ಲಿ ವಿಡಿಯೊ ಹಾಕಿ ತೋರಿಸಬೇಕು ಅಂತಿದ್ದೆ. ಅಷ್ಟರಲ್ಲಿ ಅಪ್ಪ ತೊಟ್ಟಿ ಅಂಚಿಗೆ ಕುಕ್ಕರಗಾಲಲ್ಲಿ ಕೂತು, ಬಾಗಿಲು ಮಡಚಿ ಕೂರಲು ಗೋಡೆಯಲ್ಲಿ ಬಿಟ್ಟ ಗೂಡು ನೋಡುತ್ತಿದ್ದರು. ಎರಡೂ ಅಂಗೈ ಮುಂದಕ್ಕೆ ಚಾಚಿ, ಬೆರಳ ತುದಿ ಮಾತ್ರ ತಾಗಿಸಿ, ನಮಸ್ಕಾರ ಅರ್ಧಕ್ಕೆ ನಿಲ್ಲಿಸಿದ ಹಾಗೆ ಹಿಡಿದು ತೋರಿಸಿದರು. "ಬಾಗ್ಲು ನೆಟ್ಟಗೆ ಸೇರಾಕಿಲ್ಲ. ಹಿಂಗೆ ಮೂತಿ ಮಾಡ್ಕಂಡು ನೀರು ಬರೋ ಕಡೀಕೆ ನಿಂತ್ಕತದೆ. ನೀರು ಎಷ್ಟು ತಳ್ಳಿದ್ರೆ ಅಷ್ಟು ಬಿಗಿ." ಯಾರೂ ಹೇಳಿಕೊಟ್ಟಿರಲಿಲ್ಲ. ಇಂಜಿನಿಯರಿಂಗ್ ಓದಿದ ನಾನು ಸುಮ್ನೆ ತಲೆ ಆಡಿಸಿದೆ.

ಲಾಕ್ ಪಕ್ಕದಲ್ಲಿ ಒಂದು ಸಣ್ಣ ಮನೆ ಇರುತ್ತಿತ್ತು, ಲಾಕ್ ಕಾಯುವವನಿಗೆ. ದೋಣಿಯವರು ರಾತ್ರಿ ಬಂದು ಕಹಳೆ ಊದಿದರೆ ಎದ್ದು ಬಾಗಿಲು ತೆಗೆಯಬೇಕು. "ಇವ್ನೂ ನಮ್ಮೋನೇ ಬುಡು" ಅಂದರು ಅಪ್ಪ.

ವೀವರ್‌ಟನ್ ಹತ್ತಿರ ಅಪಲೇಶಿಯನ್ ಟ್ರೇಲ್ ಬಂದು ಈ ಏರಿಗೇ ಸೇರುತ್ತದೆ. ಜಾರ್ಜಿಯಾದಿಂದ ಮೇಯ್ನ್‌ವರೆಗೆ ಮೂರೂವರೆ ಸಾವಿರ ಕಿಲೋಮೀಟರ್ ಹೋಗುವ ಕಾಡುದಾರಿ, ಇಲ್ಲಿ ನಾಲ್ಕು ಕಿಲೋಮೀಟರ್ ಮಾತ್ರ ಚಪ್ಪಟೆ. ಅಲ್ಲಿ ಒಬ್ಬ ಹುಡುಗ ಸಿಕ್ಕಿದ. ಗಡ್ಡ, ಬೆನ್ನ ಮೇಲೆ ಮೂಟೆ. ಮೇಯ್ನ್‌ನಿಂದ ನಡೆದುಕೊಂಡೇ ಬಂದಿದ್ದೇನೆ ಅಂದ. ಅಪ್ಪ ನನ್ನನ್ನ ಕೇಳಿದ್ದು ಒಂದೇ: "ಯಾವ ದೇವ್ರಿಗೆ ಹರಕೆ ಹೊತ್ತವನೆ?" ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋದವರಿಗೆ ಬೇರೆ ಏನು ಹೊಳೆಯಬೇಕು ಹೇಳಿ. ಹುಡುಗನಿಗೆ ನಾಲ್ಕು ಕೋಡುಬಳೆ ಕೊಟ್ಟರು. ಅವನು ಅಲ್ಲೇ ನಿಂತು ತಿಂದು ಮುಗಿಸಿದ.

ಈಗ ಬೆಟ್ಟ. ಇದು ಏರಿ ತರ ಅಲ್ಲ, ಮೊದಲೇ ಹೇಳುತ್ತೇನೆ. 33ನೇ ಲಾಕ್ ಹತ್ತಿರ ರಸ್ತೆ ದಾಟಿದರೆ ದಾರಿ ಶುರು, ಶುರುವಿನಿಂದಲೇ ಕಡಿದು. ಇಲ್ಲಿ ನನ್ನದೇ ಒಂದು ದಡ್ಡತನ ಹೇಳಲೇಬೇಕು. ಮೊದಲ ಸಲ ನಾನು ಹೋಗಿದ್ದು ಜುಲೈ ತಿಂಗಳ ಮಧ್ಯಾಹ್ನ, ಗೆಳೆಯರ ಜೊತೆ, ತಲಾ ಒಂದೊಂದು ಬಾಟಲಿ ನೀರು ಹಿಡಿದುಕೊಂಡು. ಕಾರನ್ನ ರಸ್ತೆ ಪಕ್ಕ ಎಲ್ಲಿ ಸಿಕ್ಕರೆ ಅಲ್ಲಿ ನುಗ್ಗಿಸಿದ್ದೆವು. ಬೆಟ್ಟದ ಮೇಲೆ ಅಂತರ್ಯುದ್ಧ ಕಾಲದ ಕಲ್ಲಿನ ಕೋಟೆ ಇದೆ, ಅದನ್ನೂ ನೋಡಿಬಿಡೋಣ ಅಂತ ಜೋಶ್‌ನಲ್ಲಿ ಮೇಲಕ್ಕೆ ಹತ್ತಿ, ಒಬ್ಬನಿಗೆ ಮೀನಖಂಡ ಹಿಡಿದುಕೊಂಡು, ನೀರು ಖಾಲಿಯಾಗಿ, ಕೊನೆಗೆ ದಾರಿಯಲ್ಲಿ ಬಂದ ಎಪ್ಪತ್ತು ವರ್ಷದ ಗಂಡ ಹೆಂಡತಿ ಅವರ ಬಾಟಲಿ ಕೊಟ್ಟರು. ಕೆಳಗೆ ಬಂದರೆ ಕಾರಿನ ಗಾಜಿಗೆ ದಂಡದ ಚೀಟಿ. ಹಾಗಾಗಿ, ಪಾರ್ಕಿಂಗ್ ಹಾರ್ಪರ್ಸ್ ಫೆರಿ ಕಡೆಯ ವಿಸಿಟರ್ ಸೆಂಟರ್‌ನಲ್ಲಿ ಮಾಡಿ. ದುಡ್ಡು ತಗೊಳ್ಳುತ್ತಾರೆ, ಕೊಡಿ. ಅಲ್ಲಿಂದ ಊರಿಗೆ ಬಸ್ ಇದೆ.

ಅಪ್ಪ ಎಲ್ಲೂ ಕೂರದೆ ಹತ್ತಿದರು. ನನ್ನ ಏದುಸಿರು ಕೇಳಿ ಎರಡು ಸಲ ತಾವೇ ನಿಂತರು, ಶೂ ಲೇಸು ಸರಿ ಮಾಡಿಕೊಳ್ಳುವ ನೆಪದಲ್ಲಿ.

ಆಮೇಲೆ ದಾರಿ ಇಳಿದು, ಮರಗಳು ಮುಗಿದು, ಒಂದೇ ಸಲಕ್ಕೆ ಬಂಡೆ. ತುದಿಗೆ ಕಂಬಿ ಗಿಂಬಿ ಏನೂ ಇಲ್ಲ. ಕೆಳಗೆ ಎಡದಿಂದ ಶೆನಾಂಡೋ, ಬಲದಿಂದ ಪೊಟೊಮ್ಯಾಕ್. ಎರಡೂ ಸೇರುವ ಮೂತಿಯಲ್ಲಿ ಹಾರ್ಪರ್ಸ್ ಫೆರಿ ಊರು, ಚರ್ಚಿನ ಚೂಪು ಗೋಪುರ, ರೈಲು ಸೇತುವೆಗಳು. ನಾವು ನಿಂತಿದ್ದು ಮೇರಿಲ್ಯಾಂಡ್, ಊರು ವೆಸ್ಟ್ ವರ್ಜೀನಿಯಾ, ಆ ಕಡೆ ಬೆಟ್ಟ ವರ್ಜೀನಿಯಾ. ನಮ್ಮ ಕಾಲ ಕೆಳಗಿನ ಬಂಡೆಯೊಳಗಿಂದಲೇ ರೈಲು ಸುರಂಗ ಬಿಟ್ಟು ಹೊರಗೆ ಬಂದು ಸೇತುವೆ ಹತ್ತಿತು. 1783ರಲ್ಲಿ ಥಾಮಸ್ ಜೆಫರ್ಸನ್ ಇದೇ ಸಂಗಮವನ್ನ ಎದುರುಗಡೆ ದಡದ ಬಂಡೆಯಿಂದ ನೋಡಿ, ಇದಕ್ಕಾಗಿ ಅಟ್ಲಾಂಟಿಕ್ ದಾಟಿ ಬಂದರೂ ನಷ್ಟ ಇಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದ. ಅಪ್ಪ ದಾಟಿಯೇ ಬಂದವರು. ಅವರು ಟವೆಲ್ ತೆಗೆದು ಸೊಂಟಕ್ಕೆ ಕಟ್ಟಿ, ತುದಿಯಿಂದ ಹತ್ತಡಿ ಹಿಂದೆಯೇ ನಿಂತು, ಸಂಗಮಕ್ಕೆ ಕೈ ಮುಗಿದರು. "ತಿರುಮಕೂಡ್ಲಲ್ಲಿ ಬೆಟ್ಟ ಇದ್ದಿದ್ರೆ ಹಿಂಗೇ ಕಾಣ್ತಿತ್ತು" ಅಂದರು.

ಅಮ್ಮನಿಗೆ ಫೋನ್ ಮಾಡಿದೆ. ನೀರು ಸೇರುವ ಜಾಗದಲ್ಲೇ ಹೆಂಡತಿ ಜೊತೆ ನಿಂತಿದ್ದರು. ಬೆಟ್ಟ ನೋಡಮ್ಮ, ಬಂಡೆ ಮೇಲೆ ನಾವಿದ್ದೀವಿ ಅಂದೆ. "ಅಲ್ಲಿ ಇರುವೆ ತರ ನಾಕಾರು ಜನ ಅವ್ರೆ, ಅದ್ರಲ್ಲಿ ನೀವ್ಯಾವ ಇರುವೆ?" ಅಂತ ಅಮ್ಮ. ಅಪ್ಪ ಸೊಂಟದಿಂದ ಟವೆಲ್ ಬಿಚ್ಚಿ ತಲೆ ಮೇಲೆ ಗಿರಗಿರ ಬೀಸಿದರು. ಕೆಂಪು, ಹಳದಿ ಎಲೆಗಳ ಮಧ್ಯೆ ಆ ಹಸಿರು. "ಕಾಣ್ತು ಕಾಣ್ತು, ಹಿಂದಕ್ಕೆ ಸರೀರಿ!" ಅಂತ ಅಮ್ಮ ಕೂಗಿದ್ದು ಫೋನ್ ಇಲ್ಲದಿದ್ದರೂ ಕೇಳಿಸುತ್ತಿತ್ತೇನೋ.

ಅಂತರ್ಯುದ್ಧ, ಜಾನ್ ಬ್ರೌನ್ 1859ರಲ್ಲಿ ಗುಲಾಮರ ಬಿಡುಗಡೆಗೆ ಅಂತ ಶಸ್ತ್ರಾಗಾರಕ್ಕೆ ನುಗ್ಗಿದ್ದು, ಇವೆಲ್ಲ ಊರೊಳಗಿನ ಫಲಕಗಳಲ್ಲಿ ಚೆನ್ನಾಗಿ ಬರೆದಿದ್ದಾರೆ, ನಿಧಾನಕ್ಕೆ ಓದಿಕೊಳ್ಳಿ. ಒಂದು ಮಾತ್ರ ನಾನೇ ಹೇಳುತ್ತೇನೆ. ಊರಿನಿಂದ ಈ ಬಂಡೆ ಕಡೆ ನೋಡಿದರೆ ಮಾಸಿದ ಬಿಳಿ ಅಕ್ಷರ ಕಾಣುತ್ತದೆ. ನೂರು ವರ್ಷಕ್ಕೂ ಹಿಂದೆ ರೈಲಿನವರಿಗೆ ಕಾಣಲಿ ಅಂತ ಬಂಡೆ ಮೇಲೆ ಬರೆದ ಮೆನೆನ್ ಪೌಡರ್ ಜಾಹೀರಾತು, ಇನ್ನೂ ಪೂರ್ತಿ ಹೋಗಿಲ್ಲ. ನಮ್ಮೂರ ಬಂಡೆ ಮೇಲೆ ಹೃದಯ, ಬಾಣ ಬರೆಯುವವರನ್ನ ಬೈಯುವಾಗ ಇವರನ್ನೂ ಸೇರಿಸಿ ಬೈಯಬಹುದು.

ಈಗ ಈ ಪತ್ರ ಯಾಕೆ ಬರೆದೆ ಅನ್ನುವುದಕ್ಕೆ ಬರುತ್ತೇನೆ. ಈ ಏರಿ ಇವತ್ತು ಉಳಿದಿರುವುದೇ ಒಂದು ಪತ್ರದಿಂದ. ನಾಲೆ ಹಾಳುಬಿದ್ದ ಮೇಲೆ ಅದರ ಜಾಗದಲ್ಲಿ ಕಾರು ಓಡಾಡಲು ರಸ್ತೆ ಮಾಡಬೇಕು ಅಂತ ಯೋಜನೆ ಇತ್ತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅದನ್ನ ಬೆಂಬಲಿಸಿ ಸಂಪಾದಕೀಯ ಬರೆಯಿತು. 1954ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಆ ಪತ್ರಿಕೆಗೇ ಒಂದು ಪತ್ರ ಬರೆದರು. ವಾದ ಗೀದ ಜಾಸ್ತಿ ಇಲ್ಲ, ಸಂಪಾದಕರೇ ನನ್ನ ಜೊತೆ ನಡೆಯಲು ಬನ್ನಿ, ನಡೆದು ನೋಡಿ ಆಮೇಲೆ ಹೇಳಿ ಅಂತ ಕರೆದರು. ಸಂಪಾದಕೀಯ ಬರೆಯುವವರು ಒಪ್ಪಿ ಬಂದೇಬಿಟ್ಟರು. ಮಾರ್ಚ್ 20ರಂದು ಕಂಬರ್‌ಲ್ಯಾಂಡ್‌ನಿಂದ ಹೊರಟು ಎಂಟು ದಿನ ನಡೆದರು. ಡಗ್ಲಾಸ್ ಸೇರಿ ಪೂರ್ತಿ ನಡೆದಿದ್ದು ಒಂಬತ್ತು ಜನ ಮಾತ್ರ. ಪತ್ರಿಕೆ ತನ್ನ ಮಾತು ಬದಲಿಸಿತು. 1971ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಆಯಿತು.

ನಾನು ನ್ಯಾಯಮೂರ್ತಿ ಅಲ್ಲ. ಆದರೆ ಕರೆಯುವುದಕ್ಕೆ ಅಷ್ಟು ದೊಡ್ಡ ಹುದ್ದೆ ಬೇಕಿಲ್ಲ ಅಲ್ವಾ. ಒಂದು ಶನಿವಾರ ಕೊಡಿ. ಮನೆಗೆ ಬಂದಿರುವ ಹಿರಿಯರನ್ನ ಕರೆದುಕೊಂಡು ಏರಿಗೆ ಬನ್ನಿ. ನಿಮಗೋಸ್ಕರ ಅವರು ಆರು ತಿಂಗಳು ಹೊಲ, ಮನೆ, ಹಸು ಬಿಟ್ಟು ಬಂದಿದ್ದಾರೆ. ಅವರಿಗೆ ಬೇಕಾಗಿರುವುದು ನೋಡುವ ಜಾಗವಲ್ಲ, ನಡೆಯುವ ದಾರಿ. ಸಂಘದ ಪದಾಧಿಕಾರಿಗಳೇ, ನಿಮಗೂ ಹೇಳುತ್ತಿದ್ದೇನೆ. ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡಿ, ಹಿರಿಯರನ್ನ ಮೊದಲ ಸಾಲಿನಲ್ಲಿ ಮೂರು ಗಂಟೆ ಕೂರಿಸಿ ಒಂದು ಶಾಲು ಹೊದಿಸುತ್ತೀರಿ. ತಪ್ಪಲ್ಲ. ಅದರ ಜೊತೆ ವರ್ಷಕ್ಕೆ ಎರಡು ಸಲ ಈ ಏರಿ ಮೇಲೆ ನಡೆಸಿ. ಹಾಲ್ ಬಾಡಿಗೆಯೂ ಉಳಿಯುತ್ತದೆ.

ಎಲ್ಲರೂ ಬೆಟ್ಟ ಹತ್ತಬೇಕಿಲ್ಲ. ಮಂಡಿ ನೋವು, ಎದೆ ತೊಂದರೆ ಇರುವವರನ್ನ ಮೇರಿಲ್ಯಾಂಡ್ ಹೈಟ್ಸ್‌ಗೆ ದಯವಿಟ್ಟು ಎಳೆದುಕೊಂಡು ಹೋಗಬೇಡಿ. ಅವರಿಗೆ ಗ್ರೇಟ್ ಫಾಲ್ಸ್ ಇದೆ, ಅದೂ ಇದೇ ನಾಲೆ. ಅಲ್ಲಿ 20ನೇ ಲಾಕ್‌ನ ಬಾಗಿಲುಗಳು ಹಾಗೇ ಇವೆ, ಹಲಗೆ ದಾರಿಯಲ್ಲಿ ಜಲಪಾತದ ಎದುರಿಗೇ ಹೋಗಿ ನಿಲ್ಲಬಹುದು. ನದಿಗೆ ಮಾತ್ರ ಎಲ್ಲೂ ಇಳಿಯಬೇಡಿ, ಮೇಲೆ ಸುಮ್ನಿರುವ ಹಾಗೆ ಕಂಡರೂ ಒಳಗೆ ಸೆಳೆತ ಜಾಸ್ತಿ. ಹೋಗುವ ಕಾಲ ಏಪ್ರಿಲ್ ಇಲ್ಲ ಅಕ್ಟೋಬರ್. ಬೆಟ್ಟಕ್ಕೆ ತಲಾ ಎರಡು ಲೀಟರ್ ನೀರು. ಮನೆಗೆ ಬಂದ ಮೇಲೆ ಕಾಲು, ಕಂಕುಳು ನೋಡಿಕೊಳ್ಳಿ, ಉಣ್ಣೆ ಹತ್ತಿರುತ್ತದೆ. ದನದ ಮೈಮೇಲೆ ಇರುತ್ತಲ್ಲ ಅದೇ, ಇಲ್ಲಿಯದು ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಅಪ್ಪ ನನ್ನ ಕಾಲಿನಿಂದ ಒಂದನ್ನ ಹಸುವಿಗೆ ಕಿತ್ತಷ್ಟೇ ಸಲೀಸಾಗಿ ಕಿತ್ತರು.

ಇನ್ನೊಂದು. ಏರಿ ಉದ್ದಕ್ಕೂ ಕಸದ ಡಬ್ಬಿ ಇಲ್ಲ, ಬೇಕಂತಲೇ ಇಟ್ಟಿಲ್ಲ. ತಂದ ಕಸ ವಾಪಸ್ ಒಯ್ಯಬೇಕು. ನಾವು ಹೋದ ದಿನ ಒಂದು ಬೆಂಚಿನ ಕೆಳಗೆ ಪೇಪರ್ ತಟ್ಟೆ, ಅದರಲ್ಲಿ ಒಣಗಿದ ಪುಳಿಯೋಗರೆ ಇತ್ತು. ಶೇಂಗಾ, ಕರಿಬೇವು ನೋಡಿದರೆ ಯಾರ ಮನೆಯದು ಅಂತ ಗೊತ್ತಾಗಲ್ವಾ? ಅಪ್ಪ ಏನೂ ಮಾತಾಡದೆ ಎತ್ತಿ ನಮ್ಮ ಚೀಲಕ್ಕೆ ಹಾಕಿಕೊಂಡರು. ನಾಚಿಕೆ ಆಗಿದ್ದು ನನಗೆ.

ಸಂಜೆ ಸೇತುವೆ ದಾಟಿ ಊರು ಸೇರಿದಾಗ ಅಮ್ಮ ಐಸ್ಕ್ರೀಮ್ ಹಿಡಿದು ಕಟ್ಟೆ ಮೇಲೆ ಕೂತಿದ್ದರು. ಅಲ್ಲಿ ಒಂದು ಕಟ್ಟಡದ ಗೋಡೆಗೆ ಯಾವ ವರ್ಷದ ಪ್ರವಾಹ ಎಲ್ಲಿಯವರೆಗೆ ಬಂದಿತ್ತು ಅಂತ ಗುರುತು ಹಾಕಿದ್ದಾರೆ. ಎಲ್ಲಕ್ಕಿಂತ ಮೇಲೆ 1936. ಕನ್ನಂಬಾಡಿ ಕಟ್ಟೆ ತುಂಬುವ ಮಟ್ಟವಾದ 124.80 ಅಡಿಯನ್ನ ಜಪದ ಹಾಗೆ ಹೇಳಿಕೊಂಡು ಬದುಕಿದ ಅಪ್ಪ ಆ ಗೋಡೆ ಮುಂದೆ ತುಂಬಾ ಹೊತ್ತು ನಿಂತಿದ್ದರು. ಊರಲ್ಲಿ ಆಗ ರಾತ್ರಿ ಎರಡೂವರೆ. ಫೋನ್ ಮಾಡುವ ಹಾಗಿಲ್ಲ. ನನ್ನ ಮೊಬೈಲ್ ಇಸ್ಕೊಂಡು, ಜೊತೆಯಲ್ಲಿ ಕೆಲಸ ಮಾಡಿದ ಗೆಳೆಯನಿಗೆ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಬಿಟ್ಟರು, ಊರಲ್ಲಿ ನಾಲೆಯ ಆ ದಡಕ್ಕೆ ಕೂಗಿ ಹೇಳುವಷ್ಟೇ ಜೋರಾಗಿ:

"ಇಲ್ಲೂ ಒಂದು ನಾಲೆ ಅದೆ ಕಣ್ಲಾ. ನೀರಿಲ್ಲ. ಏರಿ ಮಾತ್ರ ಚೆನ್ನಾಗಿ ಮಡಗವ್ರೆ."